ಕರಾವಳಿಯಿಂದ ಕಾಮೋಠೆಗೆ: ಎರಡು ನೆಲಗಳ ಚರಿತ್ರೆ

ಮುಂಬಯಿಯ ಕನ್ನಡಿಗರನ್ನು ಕುರಿತು ನಮ್ಮಲ್ಲಿ ದೊರೆಯುವ ಬರವಣಿಗೆಯಲ್ಲಿ ಎರಡು ಬಗೆಗಳು ಹೆಚ್ಚಾಗಿ ಕಾಣುತ್ತವೆ. ಒಂದು, ಸಂಘಸಂಸ್ಥೆಗಳ ಚರಿತ್ರೆ. ಇನ್ನೊಂದು, ಸ್ವಪ್ರಯತ್ನದಿಂದ ಮೇಲಕ್ಕೆ ಬಂದ ಮಹನೀಯರ ಜೀವನಚರಿತ್ರೆ. ಎರಡೂ ಬೇಕಾದವೇ. ಹದಿಹರೆಯದಲ್ಲಿ ಬರಿಗೈಯಿಂದ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಶಾಲೆಯಲ್ಲಿ ಕಲಿತು, ಕಡೆಗೆ ಹತ್ತು ಮಂದಿಗೆ ಅನ್ನ ಕೊಡುವ ಯೋಗ್ಯತೆಯನ್ನು ಸಂಪಾದಿಸಿದವರ ವೃತ್ತಾಂತ ಕಟ್ಟುಕಥೆಯಲ್ಲ. ಆದರೆ ಈ ಎರಡು ಬಗೆಯ ಬರವಣಿಗೆಯಲ್ಲಿಯೂ ಒಂದು ಪ್ರಶ್ನೆ ಬದಿಗೆ ಸರಿದುಹೋಗುತ್ತದೆ. ಊರು ಬಿಟ್ಟವನು ಬಿಟ್ಟುಬಂದ ನೆಲ ಯಾರದಾಗಿತ್ತು? ಅವನು ಮನೆ ಮಾಡಿಕೊಂಡ ನೆಲ ಯಾರದಾಗಿತ್ತು? ಮುಂಬಯಿಯ ಹಳೆಯ ಭಾಗಗಳಲ್ಲಿ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವುದು ಈಗ ಕಷ್ಟ. ಕಾಮೋಠೆಯಲ್ಲಿ ಅಷ್ಟು ಕಷ್ಟವಿಲ್ಲ. ಅಲ್ಲಿ ನೆಲ ಕೈ ಬದಲಾಯಿಸಿದ್ದು ಇಂದು ಬದುಕಿರುವ ಹಿರಿಯರ ನೆನಪಿನ ಕಾಲದಲ್ಲಿಯೇ. ಆದಕಾರಣ ಪ್ರಸ್ತುತ ಲೇಖನಕ್ಕೆ ಕಾಮೋಠೆಯನ್ನು ಆರಿಸಿಕೊಂಡಿದೆ.

ಕಾಮೋಠೆಯು ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಪನ್ವೆಲ್ ತಾಲ್ಲೂಕಿಗೆ ಸೇರಿದ ಊರು. ೧೯೮೧ರವರೆಗೆ ಈ ಜಿಲ್ಲೆಗೆ ಕೊಲಾಬಾ ಎಂಬ ಹೆಸರಿತ್ತು. ಇಂದು ಅದು ನವಿ ಮುಂಬಯಿಯ ಒಂದು ದೊಡ್ಡ ಬಡಾವಣೆ. ಸಾಯನ್–ಪನ್ವೆಲ್ ಹೆದ್ದಾರಿಯ ಬದಿಯಲ್ಲಿ, ಮಾನಸರೋವರ ರೈಲು ನಿಲ್ದಾಣದ ಬಳಿಯಲ್ಲಿ, ಸಂಖ್ಯೆಗಳಿಂದ ಗುರುತಿಸಲ್ಪಡುವ ಸೆಕ್ಟರುಗಳಾಗಿ ಅದು ಹರಡಿದೆ. ೨೦೧೬ರ ಅಕ್ಟೋಬರ್ ೧ರಂದು ಸ್ಥಾಪಿತವಾದ ಪನ್ವೆಲ್ ಮಹಾನಗರಪಾಲಿಕೆಯ ಆಡಳಿತಕ್ಕೆ ಒಳಪಟ್ಟಿದೆ. ನಾಡಿನ ನಾನಾ ಭಾಗಗಳಿಂದ ಬಂದು ಇಲ್ಲಿ ನೆಲೆಸಿದವರಲ್ಲಿ ಕನ್ನಡ ಕರಾವಳಿಯ ಮನೆತನಗಳವರೂ ಇದ್ದಾರೆ. ಇವರು ಇಲ್ಲಿಗೆ ಬಂದುದು ಒಂದೇ ಹೆಜ್ಜೆಯಲ್ಲಲ್ಲ. ಮೊದಲನೆಯ ಹೆಜ್ಜೆಯನ್ನು ಇಟ್ಟವರು ಹಿಂದಿನ ತಲೆಮಾರುಗಳವರು. ಅದನ್ನು ತಿಳಿಯಬೇಕಾದರೆ ದಕ್ಷಿಣ ಕನ್ನಡದ ಹಳೆಯ ಒಕ್ಕಲುತನದ ಸ್ಥಿತಿಯನ್ನು ನೋಡಬೇಕು.

ಸಮೃದ್ಧ ಜೀವನವನ್ನು ಅರಸಿ ಜನರು ಬಿಸಿಲೂ ಕಡಲೂ ಇರುವ ಪಟ್ಟಣಗಳಿಗೆ ಹೋಗುವುದು ಲೋಕದಲ್ಲೆಲ್ಲ ಕಂಡುಬರುವ ಸಂಗತಿ. ನಮ್ಮವರ ವಿಷಯದಲ್ಲಿ ಬಿಸಿಲಾಗಲಿ ಕಡಲಾಗಲಿ ಹೊಸದಾಗಿರಲಿಲ್ಲ. ಮಂಗಳೂರಿನ ಕಡಲೇ ಮುಂಬಯಿಯ ಕಡಲು. ಅದೇ ಮುಂಗಾರು, ಅದೇ ಸೆಕೆ, ಊಟಕ್ಕೆ ಅದೇ ಅಕ್ಕಿ ಮೀನು. ಅಲ್ಲಿ ಇಲ್ಲದಿದ್ದುದು ಕೈಗೆ ಸಿಗುವ ನಗದು ಸಂಬಳ. ದಕ್ಷಿಣ ಕನ್ನಡದಲ್ಲಿ ಭೂಮಿಯನ್ನು ಉಳುವವರಲ್ಲಿ ಮೂಲಗೇಣಿಯವರು, ಚಾಲಗೇಣಿಯವರು ಎಂಬ ಭೇದವಿತ್ತು. ಮೂಲಗೇಣಿಯವನಿಗೆ ನೆಲದ ಮೇಲೆ ಶಾಶ್ವತ ಹಕ್ಕು, ಕೊಡಬೇಕಾದ ಗೇಣಿಯೂ ನಿಗದಿಯಾದದ್ದು. ಚಾಲಗೇಣಿಯವನಿಗೆ ಅಂತಹ ಭದ್ರತೆ ಇರಲಿಲ್ಲ. ಧಣಿಯ ಮನಸ್ಸಿದ್ದಷ್ಟು ಕಾಲ ಉಳುಮೆ, ಮನಸ್ಸು ತಿರುಗಿದರೆ ಒಕ್ಕಲೆಬ್ಬಿಸುವಿಕೆ. ಬೆಳೆದ ಭತ್ತದಲ್ಲಿ ಗೇಣಿಯನ್ನು ಅಳೆದುಕೊಟ್ಟ ಮೇಲೆ ಮನೆಗೆ ಉಳಿಯುತ್ತಿದ್ದುದು ಅಲ್ಪ. ಇದರ ಜೊತೆಗೆ ಅಳಿಯಸಂತಾನದ ಕುಟುಂಬಗಳಲ್ಲಿ ಆಸ್ತಿಯು ಹೆಣ್ಣಿನ ಸಂತತಿಯಲ್ಲಿ ಅವಿಭಕ್ತವಾಗಿ ನಡೆದುಬರುತ್ತಿತ್ತು. ಆದುದರಿಂದ ದುಡಿಯುವ ಗಂಡಸಿಗೆ ತನ್ನ ಹೆಂಡತಿ ಮಕ್ಕಳಿಗೆಂದು ಬೇರೆಯಾಗಿ ಏನನ್ನಾದರೂ ಗಳಿಸಿಡಬೇಕಾದರೆ ಮನೆತನದ ಹೊಲಕ್ಕಿಂತ ಹೊರಗಿನ ಸಂಪಾದನೆಯೇ ಗತಿಯಾಗಿತ್ತು. ಊರು ಬಿಡುವುದಕ್ಕೆ ಕಾರಣ ಸಾಹಸಪ್ರವೃತ್ತಿಯೊಂದೇ ಅಲ್ಲ. ಕಾಲ ಕೆಳಗಿನ ನೆಲ ತನ್ನದಲ್ಲವೆಂಬ ತಿಳಿವಳಿಕೆಯೂ ಹೌದು.

ಈ ಪ್ರಯಾಣವನ್ನು ಪರನಾಡಿನ ಪ್ರಯಾಣವೆಂದು ಕರೆಯುವುದು ಎಷ್ಟರಮಟ್ಟಿಗೆ ಸರಿ ಎಂಬುದು ವಿಚಾರಿಸತಕ್ಕ ಮಾತು. ೧೮೬೨ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತು. ದಕ್ಷಿಣ ಕನ್ನಡವು ಮದರಾಸು ಪ್ರಾಂತದಲ್ಲಿಯೇ ಉಳಿಯಿತು. ಹೀಗಾಗಿ ಕಾರವಾರದಿಂದಾಗಲಿ ಧಾರವಾಡದಿಂದಾಗಲಿ ಮುಂಬಯಿಗೆ ಹೊರಟವನು ತನ್ನ ಪ್ರಾಂತದ ರಾಜಧಾನಿಗೇ ಹೋಗುತ್ತಿದ್ದನು. ಉಡುಪಿಯಿಂದ ಹೊರಟವನು ಅನ್ಯ ಪ್ರಾಂತಕ್ಕೆ ಹೋಗುತ್ತಿದ್ದನು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಇಬ್ಬರ ಊರುಗಳೂ ಒಂದೇ ರಾಜ್ಯಕ್ಕೆ ಸೇರಿದವು, ಮುಂಬಯಿಯಲ್ಲಿ ಇಬ್ಬರೂ ಸಮಾನವಾಗಿ ಹೊರನಾಡಿನವರಾದರು. ೧೯೬೦ರ ಮೇ ೧ರಂದು ಮಹಾರಾಷ್ಟ್ರ ರಾಜ್ಯವು ಸ್ಥಾಪಿತವಾದ ಮೇಲೆ ಈ ಸ್ಥಿತಿ ಇನ್ನಷ್ಟು ಸ್ಪಷ್ಟವಾಯಿತು. ಹೊರಡುವಾಗ ಒಂದು ನಾಡಿನಲ್ಲಿದ್ದು, ಕುಳಿತಲ್ಲಿಯೇ ಮತ್ತೊಂದು ನಾಡಿನವರಾದವರ ಅನುಭವ ನಮ್ಮ ಮುಂಬಯಿ ಕನ್ನಡಿಗರಲ್ಲಿ ಒಂದು ಭಾಗಕ್ಕೆ ಉಂಟು.

ದಾರಿಯೂ ಸುಲಭವಾಗಿರಲಿಲ್ಲ. ಮಂಗಳೂರಿಗೆ ೧೯೦೭ರಲ್ಲಿ ರೈಲು ಬಂದಿತಾದರೂ ಅದು ಬಂದುದು ಮಲಬಾರಿನ ಕಡೆಯಿಂದ. ಅದರಲ್ಲಿ ಮುಂಬಯಿಯನ್ನು ಸೇರಬೇಕಾದರೆ ದಕ್ಷಿಣಭಾರತವನ್ನು ಅಡ್ಡಹಾಯ್ದು ಸುತ್ತಬೇಕು. ಘಟ್ಟ ಹತ್ತಿ ಬಯಲುಸೀಮೆಯ ರೈಲನ್ನು ಹಿಡಿಯುವುದು ಇನ್ನೊಂದು ದಾರಿ. ಮೂರನೆಯದು ಕಡಲದಾರಿ. ಮಂಗಳೂರು, ಹೊನ್ನಾವರ, ಕಾರವಾರ ಮೊದಲಾದ ಬಂದರುಗಳನ್ನು ಮುಟ್ಟುತ್ತ ಸಾಗುವ ಹಬೆಹಡಗಿನಲ್ಲಿ ಬುತ್ತಿ ಕಟ್ಟಿಕೊಂಡು ಕುಳಿತವರು ಅನೇಕರು. ಮಳೆಗಾಲದಲ್ಲಿ ಕಡಲು ಕೆರಳಿದಾಗ ಆ ಸಂಚಾರವೂ ನಿಲ್ಲುತ್ತಿತ್ತು. ಹೀಗೆ ಒಮ್ಮೆ ಹೋದವನು ಬೇಕೆಂದಾಗ ಹಿಂದಿರುಗುವಂತಿರಲಿಲ್ಲ. ಊರಿಗೂ ಅವನಿಗೂ ನಡುವೆ ಉಳಿದ ಸಂಬಂಧವೆಂದರೆ ಕಾಗದ ಮತ್ತು ಮನಿಯಾರ್ಡರು.

ಮುಂಬಯಿಯಲ್ಲಿ ಇಂತಹವನನ್ನು ಕಾಪಾಡಿದ್ದು ಮೂರು ಸಂಸ್ಥೆಗಳು: ಹೋಟೆಲು, ರಾತ್ರಿಶಾಲೆ, ಸಂಘ. ಹೋಟೆಲಿನಲ್ಲಿ ಕೆಲಸದ ಜೊತೆಗೆ ಊಟವೂ ಮಲಗಲು ಜಾಗವೂ ದೊರೆಯುತ್ತಿತ್ತು. ನೆಲೆಯಿಲ್ಲದವನಿಗೆ ಸಂಬಳಕ್ಕಿಂತ ಇದು ದೊಡ್ಡದು. ಎ. ರಾಮ ನಾಯಕರು ೧೯೪೨ರಲ್ಲಿ ಮಾಟುಂಗದಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆ ಪರಂಪರೆಯ ಪ್ರಸಿದ್ಧ ಉದಾಹರಣೆ. ರಾತ್ರಿಶಾಲೆಯು ತಟ್ಟೆ ತೊಳೆಯುವ ಹುಡುಗನನ್ನು ಗುಮಾಸ್ತನ ಮೇಜಿನವರೆಗೆ ಕೊಂಡೊಯ್ದಿತು. ಸಂಘಗಳಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ೧೯೦೨ರಷ್ಟು ಹಿಂದಿನದು. ಮೈಸೂರು ಅಸೋಸಿಯೇಶನ್ ೧೯೨೬ರಲ್ಲಿ, ಬಂಟರ ಸಂಘ ೧೯೨೭ರಲ್ಲಿ ಹುಟ್ಟಿದವು. ವಡಾಲದ ನ್ಯಾಶನಲ್ ಕನ್ನಡ ಎಜುಕೇಶನ್ ಸೊಸೈಟಿಯದು ೧೯೩೯. ಇವುಗಳ ಉದ್ದೇಶಪಟ್ಟಿಗಳು ಬೇರೆಬೇರೆಯಾದರೂ ಒಳಗಿನ ಪ್ರೇರಣೆ ಒಂದೇ: ನೆಲವಿಲ್ಲದ ಜನರು ಪರಸ್ಪರರನ್ನೇ ನೆಲವನ್ನಾಗಿ ಮಾಡಿಕೊಂಡರು.

ಹಾಗಾದರೆ ಇವರು ಮುಂಬಯಿಯ ನಡುವನ್ನು ಬಿಟ್ಟು ಖಾರಿಯ ಆಚೆಗೆ ಏಕೆ ಹೋದರು? ಕಾರಣಗಳು ಹಲವು. ೧೯೪೭ರ ಬಾಡಿಗೆ ನಿಯಂತ್ರಣ ಕಾಯಿದೆಯು ಹಳೆಯ ಬಾಡಿಗೆದಾರರನ್ನು ರಕ್ಷಿಸಿತು. ಆದರೆ ಹೊಸಬನು ಖೋಲಿ ಹಿಡಿಯಬೇಕಾದರೆ ದೊಡ್ಡ ಪಗಡಿಯನ್ನು ತೆರಬೇಕಾಯಿತು. ಒಂಟಿಯಾಗಿದ್ದವನು ಮದುವೆಯಾಗಿ ಸಂಸಾರವನ್ನು ಕರೆತಂದಾಗ ಹೋಟೆಲಿನ ಅಟ್ಟ ಸಾಲದು. ೧೯೬೬ರಲ್ಲಿ ಶಿವಸೇನೆ ಸ್ಥಾಪಿತವಾದ ತರುವಾಯ ದಕ್ಷಿಣಭಾರತೀಯರ ವಿರುದ್ಧ ಎದ್ದ ಚಳವಳಿಯಲ್ಲಿ ಉಡುಪಿ ಹೋಟೆಲುಗಳೂ ಪೆಟ್ಟು ತಿಂದವು. ಭೂಮಿಪುತ್ರರು ಯಾರು, ಹೊರಗಿನವರು ಯಾರು ಎಂಬ ಪ್ರಶ್ನೆ ಬೀದಿಗೆ ಬಂದಿತು. ೧೯೮೨ರ ಜನವರಿಯಲ್ಲಿ ಆರಂಭವಾದ ಬಟ್ಟೆಗಿರಣಿಗಳ ಮುಷ್ಕರವು ಗಿರಣಿ ಕೆಲಸಗಾರರನ್ನು ಮಾತ್ರವಲ್ಲದೆ ಅವರನ್ನೇ ನಂಬಿದ್ದ ಸಣ್ಣ ವ್ಯಾಪಾರಗಳನ್ನೂ ಕುಗ್ಗಿಸಿತು. ಇದೇ ಕಾಲದಲ್ಲಿ ಸ್ವಂತ ಮನೆಯ ಆಸೆ ಮಧ್ಯಮ ಸ್ಥಿತಿಯವರನ್ನು ಮೊದಲು ಠಾಣೆ, ಡೊಂಬಿವಲಿ, ಕಲ್ಯಾಣಗಳ ಕಡೆಗೂ, ಅನಂತರ ನವಿ ಮುಂಬಯಿಯ ಕಡೆಗೂ ಎಳೆಯಿತು. ಠಾಣೆ ಖಾರಿಯ ಮೇಲಿನ ವಾಶಿ ಸೇತುವೆ ೧೯೭೩ರಲ್ಲಿ ತೆರೆಯಿತು. ೧೯೯೨ರಲ್ಲಿ ಉಪನಗರ ರೈಲು ವಾಶಿಯನ್ನು ಮುಟ್ಟಿತು, ೧೯೯೮ರಲ್ಲಿ ಪನ್ವೆಲನ್ನು ತಲಪಿತು. ರೈಲು ಮುಂದುವರಿದಂತೆ ಮನೆಗಳೂ ಮುಂದುವರಿದವು.

ಇಲ್ಲಿಗೆ ನಮ್ಮ ಎರಡನೆಯ ಪ್ರಶ್ನೆ ಬರುತ್ತದೆ. ಮನೆಗಳು ಎದ್ದ ಆ ನೆಲ ಬರಿದಾದ ನೆಲವಾಗಿರಲಿಲ್ಲ. ಪನ್ವೆಲ್ ಮತ್ತು ಉರಣ್ ತಾಲ್ಲೂಕುಗಳ ಖಾರಿಯಂಚಿನ ಹಳ್ಳಿಗಳಲ್ಲಿ ಆಗ್ರಿ ಮತ್ತು ಕೋಳಿ ಜನರು ತಲೆತಲಾಂತರದಿಂದ ಭತ್ತ ಬೆಳೆದು, ಉಪ್ಪು ತೆಗೆದು, ಮೀನು ಹಿಡಿದು ಬಾಳುತ್ತಿದ್ದರು. ಉಬ್ಬರದ ನೀರನ್ನು ಒಡ್ಡುಗಳಿಂದ ತಡೆದು ಸವುಳು ಭೂಮಿಯನ್ನು ಗದ್ದೆ ಮಾಡುವ ವಿದ್ಯೆ ಅವರದು. ಅಂತಹ ಭೂಮಿಗೆ ಅವರು ಖಾರ್ ಎನ್ನುತ್ತಾರೆ. ಕುಮಟೆಯ ಅಘನಾಶಿನಿಯ ಅಳಿವೆಯಲ್ಲಿ ಗಜನಿ ಭೂಮಿಯನ್ನು ಕಂಡವರಿಗೆ, ಅಲ್ಲಿ ಉಪ್ಪುನೀರನ್ನು ಸಹಿಸಿ ಬೆಳೆಯುವ ಕಗ್ಗ ಭತ್ತವನ್ನು ಬಲ್ಲವರಿಗೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಕ್ಕಲುತನದ ಕಷ್ಟವೂ ಎರಡು ಕರಾವಳಿಗಳಿಗೆ ಸಮಾನ. ಕೊಂಕಣದಲ್ಲಿ ಧಣಿಯ ಸ್ಥಾನದಲ್ಲಿ ಖೋತನಿದ್ದನು. ಕೊಲಾಬಾ ಜಿಲ್ಲೆಯ ಅಲಿಬಾಗ ತಾಲ್ಲೂಕಿನ ಚರಿ ಎಂಬ ಗ್ರಾಮದಲ್ಲಿ ನಾರಾಯಣ ನಾಗು ಪಾಟೀಲರ ಮುಂದಾಳುತನದಲ್ಲಿ ಒಕ್ಕಲುಗಳು ೧೯೩೩ರಿಂದ ೧೯೩೯ರವರೆಗೆ ಉಳುಮೆಯನ್ನೇ ನಿಲ್ಲಿಸಿ ಮುಷ್ಕರ ಹೂಡಿದರು. ಡಾ. ಅಂಬೇಡ್ಕರರು ಅವರ ಪಕ್ಷವನ್ನು ವಹಿಸಿ, ೧೯೩೭ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಖೋತಿ ಪದ್ಧತಿಯ ರದ್ಧತಿಗಾಗಿ ಮಸೂದೆಯನ್ನು ಮಂಡಿಸಿದರು. ಸ್ವಾತಂತ್ರ್ಯಾನಂತರ ಖೋತಿ ತೊಲಗಿತು; ಗೇಣಿದಾರಿಕೆಯ ಶಾಸನದ ಮೇರೆಗೆ ೧೯೫೭ರ ಏಪ್ರಿಲ್ ೧ನ್ನು ಉಳುವವನು ನೆಲದೊಡೆಯನಾಗುವ ದಿನವೆಂದು ಗೊತ್ತುಪಡಿಸಲಾಯಿತು.

ಆ ಒಡೆತನವು ಎಷ್ಟು ಕಾಲ ಉಳಿಯಿತೆಂಬುದನ್ನು ಗಮನಿಸಬೇಕು. ೧೯೭೦ರ ಮಾರ್ಚ್ ತಿಂಗಳಲ್ಲಿ ಸಿಡ್ಕೋ ಸಂಸ್ಥೆ ಸ್ಥಾಪಿತವಾಯಿತು. ಮುಂಬಯಿಯ ಜನಸಂದಣಿಯನ್ನು ಇಳಿಸಲು ಖಾರಿಯ ಆಚೆಗೆ ಹೊಸ ನಗರವೊಂದನ್ನು ಕಟ್ಟಬೇಕೆಂದು ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹತಾ, ಶಿರೀಷ ಪಟೇಲ್ ಎಂಬ ಮೂವರು ೧೯೬೦ರ ದಶಕದ ನಡುವಿನಲ್ಲಿ ಮುಂದಿಟ್ಟ ಸಲಹೆಯೇ ಇದಕ್ಕೆ ಮೂಲ. ೯೫ ಹಳ್ಳಿಗಳನ್ನೊಳಗೊಂಡ ಸುಮಾರು ೩೪೪ ಚದರ ಕಿಲೋಮೀಟರ್ ಪ್ರದೇಶವು ಹೊಸ ನಗರಕ್ಕೆಂದು ಗೊತ್ತಾಯಿತು. ಕಾಮೋಠೆ ಅವುಗಳಲ್ಲಿ ಒಂದು. ಹೀಗೆ ಉಳುವವನು ನೆಲದೊಡೆಯನಾಗಿ ಹದಿಮೂರು ವರ್ಷಗಳು ಕಳೆಯುವಷ್ಟರಲ್ಲಿ ಆ ನೆಲದ ಮೇಲೆ ಸ್ವಾಧೀನದ ನೆರಳು ಬಿದ್ದಿತು. ಪರಿಹಾರದ ಹಣ ಸಾಲದೆಂದು ರೈತರು ಸಂಘಟಿತರಾದರು. ಉರಣ್ ತಾಲ್ಲೂಕಿನ ಜಾಸಯಿಯವರಾದ ಶೇತಕರಿ ಕಾಮಗಾರ ಪಕ್ಷದ ಮುಂದಾಳು ದಿ. ಬಾ. ಪಾಟೀಲರು ಅವರ ನಾಯಕರು. ೧೯೮೪ರ ಜನವರಿ ೧೬ ಮತ್ತು ೧೭ರಂದು ನಡೆದ ಪೊಲೀಸ್ ಗೋಲಿಬಾರಿನಲ್ಲಿ ಐವರು ಮಡಿದರು. ಸ್ವಾಧೀನಗೊಂಡ ಭೂಮಿಯ ಶೇಕಡ ಹನ್ನೆರಡೂವರೆಯಷ್ಟನ್ನು ಅಭಿವೃದ್ಧಿಪಡಿಸಿ ಮೂಲ ರೈತರಿಗೆ ಹಿಂದಿರುಗಿಸುವ ಯೋಜನೆಯು ೧೯೯೦ರ ದಶಕದಲ್ಲಿ ಜಾರಿಗೆ ಬಂದುದು ಈ ಹೋರಾಟದ ಫಲವಾಗಿ. ಕಾಮೋಠೆಯಲ್ಲಿ ಕಟ್ಟಡಗಳು ಎದ್ದ ಅನೇಕ ನಿವೇಶನಗಳು ಈ ಯೋಜನೆಯಲ್ಲಿ ರೈತರಿಗೆ ದೊರೆತವು. ಅವರಿಂದ ಕಟ್ಟಡಗಾರರ ಕೈಗೆ, ಕಟ್ಟಡಗಾರರಿಂದ ಕೊಳ್ಳುವವರ ಕೈಗೆ ಅವು ಬಂದವು. ಮುಂಬಯಿಯಲ್ಲಿ ಮನೆ ಕೊಳ್ಳಲಾರದ ಸಂಬಳದಾರನಿಗೆ ಇಲ್ಲಿ ಮನೆ ದಕ್ಕಿತು. ಕೊಂಡವನು ನ್ಯಾಯವಾಗಿ ಹಣ ತೆತ್ತೇ ಕೊಂಡನು. ಆದರೆ ಆ ಮನೆಯ ಹಿಂದೆ ಐದು ಪ್ರಾಣಗಳ ಲೆಕ್ಕವೂ ಇದೆಯೆಂಬುದನ್ನು ಮನೆಪತ್ರವು ಹೇಳುವುದಿಲ್ಲ.

ಇತ್ತ ಊರಿನಲ್ಲಿ ಏನಾಯಿತು? ಕರ್ನಾಟಕದಲ್ಲಿ ದೇವರಾಜ ಅರಸರ ಆಡಳಿತಕಾಲದಲ್ಲಿ ೧೯೭೪ರ ಮಾರ್ಚ್ ೧ರಿಂದ ಭೂಸುಧಾರಣೆಯ ತಿದ್ದುಪಡಿ ಶಾಸನವು ಜಾರಿಗೆ ಬಂದು, ಗೇಣಿಗೆ ಕೊಟ್ಟ ಭೂಮಿಯೆಲ್ಲ ಸರಕಾರದಲ್ಲಿ ವಿಹಿತವಾಗಿ, ಅದನ್ನು ಉಳುತ್ತಿದ್ದವರಿಗೆ ದೊರೆಯುವಂತಾಯಿತು. ಗೇಣಿ ಪದ್ಧತಿ ದಟ್ಟವಾಗಿದ್ದ ದಕ್ಷಿಣ ಕನ್ನಡದಲ್ಲಿ ಇದರ ಪರಿಣಾಮ ಬಹಳ ಆಳವಾಯಿತು. ಒಕ್ಕಲಿನ ಮನೆಯ ಮಗನು ಮುಂಬಯಿಯಲ್ಲಿ ದುಡಿಯುತ್ತಿರುವಾಗಲೇ ಊರಿನಲ್ಲಿ ಅವನ ತಂದೆಗೋ ಅಣ್ಣನಿಗೋ ನೆಲ ಬಂದಿತು; ಧಣಿಯ ಮನೆಯ ಮಗನು ಅದೇ ಮುಂಬಯಿಯಲ್ಲಿರುವಾಗ ಅವನ ಮನೆಯ ನೆಲ ಹೋಯಿತು. ಇಬ್ಬರೂ ಕಾಮೋಠೆಯಂತಹ ಊರಿನಲ್ಲಿ ಒಂದೇ ಕಟ್ಟಡದಲ್ಲಿ ನೆರೆಹೊರೆಯವರಾಗಿರಬಹುದು. ಅವರ ಕೆಳಗಿನ ನೆಲವನ್ನು ಉತ್ತಿದ್ದ ಆಗ್ರಿ ರೈತನು ಒಮ್ಮೆ ಒಕ್ಕಲು, ಒಮ್ಮೆ ಒಡೆಯ, ಮತ್ತೆ ನಿವೇಶನದಾರ. ಮೂವರ ಚರಿತ್ರೆಯೂ ಒಂದೇ ಚರಿತ್ರೆಯ ಮೂರು ಅಧ್ಯಾಯಗಳೆಂದು ನಮ್ಮ ಅಭಿಪ್ರಾಯ. ಸ್ವಪ್ರಯತ್ನದ ಕಥೆಯನ್ನಷ್ಟೇ ಬರೆದರೆ ಮೊದಲನೆಯ ಅಧ್ಯಾಯ ಮಾತ್ರ ಉಳಿಯುತ್ತದೆ.

ಕೊನೆಗೆ ಒಂದು ಬದಲಾವಣೆಯನ್ನು ಹೇಳಬೇಕು. ೧೯೯೮ರಲ್ಲಿ ಕೊಂಕಣ ರೈಲುಮಾರ್ಗವು ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಪೂರ್ಣವಾಯಿತು. ಆ ಯೋಜನೆಗೆ ಚಾಲನೆ ಕೊಟ್ಟ ರೈಲ್ವೆ ಮಂತ್ರಿ ಜಾರ್ಜ್ ಫೆರ್ನಾಂಡಿಸರೂ ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಗೆ ಕೆಲಸ ಹುಡುಕಿ ಬಂದವರೇ. ಮತ್ಸ್ಯಗಂಧಾ ಮೊದಲಾದ ಗಾಡಿಗಳು ಪನ್ವೆಲಿನಲ್ಲಿ ನಿಲ್ಲುತ್ತವೆ. ಹಡಗಿನ ಕಾಲದಲ್ಲಿ ಊರಿನಿಂದ ಅತಿ ದೂರವಾಗಿದ್ದ ಮುಂಬಯಿಯ ಅಂಚು ಇಂದು ಊರಿಗೆ ಅತಿ ಸಮೀಪದ ನಿಲ್ದಾಣವಾಗಿದೆ. ಸಂಜೆ ಹತ್ತಿದವನು ಬೆಳಗಿಗೆ ಕನ್ನಡ ಕರಾವಳಿಯಲ್ಲಿರುತ್ತಾನೆ. ಹೋಗಿಬರುವುದು ಸುಲಭವಾದಷ್ಟೂ, ಬಂದ ಕಷ್ಟವನ್ನು ಬರೆದಿಡುವ ಅಗತ್ಯ ಯಾರಿಗೂ ತೋರದೆ ಹೋಗುವ ಅಪಾಯವುಂಟು.

ಆದಕಾರಣ ನವಿ ಮುಂಬಯಿಯ ಕನ್ನಡ ಸಂಘಗಳು ಉತ್ಸವಗಳ ನಡುವೆ ಒಂದು ಕೆಲಸವನ್ನು ಕೈಗೊಳ್ಳುವುದು ಯೋಗ್ಯ. ಹಿರಿಯರ ಪೆಟ್ಟಿಗೆಗಳಲ್ಲಿ ಉಳಿದಿರಬಹುದಾದ ಮನಿಯಾರ್ಡರ್ ರಸೀದಿ, ರಾತ್ರಿಶಾಲೆಯ ಪ್ರಗತಿಪತ್ರ, ಹೋಟೆಲಿನ ಲೆಕ್ಕಪುಸ್ತಕ, ಪಗಡಿಯ ಚೀಟಿ, ಊರಿನ ಗೇಣಿಚೀಟಿ, ಪಹಣಿ, ಇವುಗಳನ್ನು ಕಲೆಹಾಕಬೇಕು. ಅಷ್ಟಕ್ಕೇ ನಿಲ್ಲದೆ ಕಾಮೋಠೆಯ ಹಳೆಯ ಗಾವಠಾಣದ ಹಿರಿಯರ ಬಳಿಗೂ ಹೋಗಿ, ಅವರು ಕಾದಿಟ್ಟ ಸಾತ್‌ಬಾರಾ ಉತಾರವನ್ನೂ ಅವರ ಬಾಯಿಮಾತನ್ನೂ ಕೇಳಿ ಬರೆದುಕೊಳ್ಳಬೇಕು. ಅದಕ್ಕೆ ಬೇಕಾದ ಮರಾಠಿ ನಮ್ಮವರಿಗೆ ಬಂದೇ ಇದೆ. ಪಹಣಿಯೂ ಸಾತ್‌ಬಾರಾವೂ ಉಳುವವನ ಹೆಸರನ್ನು ದಾಖಲಿಸುವ ಒಂದೇ ಬಗೆಯ ಕಾಗದಗಳು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದಂದು ಕಾಮೋಠೆಯ ಕನ್ನಡಿಗರ ಚರಿತ್ರೆಗೆ ತಕ್ಕ ಆರಂಭ ದೊರೆತೀತು. ಆ ಹಿರಿಯರು ಬಹುಕಾಲ ನಮ್ಮೊಡನೆ ಇರುವವರಲ್ಲವಾದುದರಿಂದ ಈ ಕಾರ್ಯವನ್ನು ಮುಂದಕ್ಕೆ ಹಾಕತಕ್ಕದ್ದಲ್ಲ ಎಂದು ವಾಚಕರಲ್ಲಿ ವಿಜ್ಞಾಪಿಸುತ್ತೇವೆ.