ಮೊಬೈಲ್ ಆಪ್‌ನಲ್ಲಿ ಚಲಿಸುವ ಚಿತ್ರ: ಹಿನ್ನೆಲೆ ಥ್ರೆಡ್‌ನಲ್ಲಿ ಬಿಡಿಸುವ ಕ್ರಮ



ಗಡಿನಾಡಿನ ಎಷ್ಟೋ ಮಕ್ಕಳು ಶಾಲೆಯಲ್ಲಿ ಓದುವುದು ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿ. ಅವರಿಗೆ ಮನೆಯಲ್ಲೇ ‘ಅ’ ತಿದ್ದಿಸುವ ಆಂಡ್ರಾಯ್ಡ್ ಆಪ್ ಮಾಡಬಯಸುವ ಯುವಕ ಯುವತಿಯರಿಗಾಗಿ ಈ ಮಾಹಿತಿ. ಗೆರೆ ಎಲ್ಲಿ ಹೊರಟು ಎಲ್ಲಿ ತಿರುಗುತ್ತದೆ ಎಂಬುದನ್ನು ಮಗು ನೋಡಿ ಕಲಿಯಬೇಕು. ಚಿತ್ರ ತಡವರಿಸಿದರೆ ತಿರುವೇ ಕಾಣದೆ ಹೋಗುತ್ತದೆ.

ಕಾರಣವೇನು?

ಥ್ರೆಡ್ ಎಂದರೆ ಆಪ್‌ನೊಳಗೆ ಒಂದಾದ ಮೇಲೊಂದು ನಡೆಯುವ ಕೆಲಸಗಳ ಸಾಲು. ಬೆರಳಿನ ಸ್ಪರ್ಶ ಗಮನಿಸುವುದು, ಗುಂಡಿ ತೋರಿಸುವುದು ಎಲ್ಲವೂ ಮುಖ್ಯ ಥ್ರೆಡ್‌ನ ಪಾಲು. ಒಂದೇ ಕೌಂಟರಿಗೆ ಒಬ್ಬನೇ ಗುಮಾಸ್ತನಿದ್ದಂತೆ. ಸೆಕೆಂಡಿಗೆ 60 ಸಲ ಬದಲಾಗುವ ಪರದೆಯಲ್ಲಿ ಒಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್, 120 ಸಲವಾದರೆ 8.3. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಚಿತ್ರ ತಡವರಿಸುತ್ತದೆ. ಮುಟ್ಟಿದ್ದಕ್ಕೆ 5 ಸೆಕೆಂಡಾದರೂ ಉತ್ತರವಿಲ್ಲದಿದ್ದರೆ ಆಪ್ ಸ್ಪಂದಿಸುತ್ತಿಲ್ಲ ಎಂಬ ಸೂಚನೆ ಬರುತ್ತದೆ.

ಉಪಾಯ

ಪರದೆಯ ಮೇಲಿರುವ ಸಾಮಾನ್ಯ ವ್ಯೂವನ್ನು ಬೇರೆ ಥ್ರೆಡ್‌ನಿಂದ ಬದಲಿಸುವಂತಿಲ್ಲ. ‘ಸರ್ಫೇಸ್‌ವ್ಯೂ’ಗಾದರೆ ತನ್ನದೇ ಚಿತ್ರಪಟವಿದೆ, ಅದರ ಮೇಲೆ ಬೇರೆ ಥ್ರೆಡ್ ಬಿಡಿಸಬಹುದು.

1. ‘ಸರ್ಫೇಸ್ ಕ್ರಿಯೇಟೆಡ್’ ಕರೆ ಬಂದ ಮೇಲೆಯೇ ಥ್ರೆಡ್ ಆರಂಭಿಸಿ.
2. ‘ಲಾಕ್ ಕ್ಯಾನ್ವಾಸ್’ ಮೂಲಕ ಪಟ ಪಡೆಯಿರಿ. ಪಟ ಸಿಗದಿದ್ದರೆ ಆ ಸುತ್ತು ಬಿಟ್ಟುಬಿಡಿ.
3. ಹಿಂದಿನದು ಉಳಿದಿರುತ್ತದೆಂದು ನಂಬದೆ ಹಿನ್ನೆಲೆ ಬಳಿದು ಪೂರ್ತಿ ಬಿಡಿಸಿ.
4. ‘ಅನ್‌ಲಾಕ್ ಕ್ಯಾನ್ವಾಸ್ ಅಂಡ್ ಪೋಸ್ಟ್’ ಮಾಡಿ ಪಟ ಹಿಂದಿರುಗಿಸಿ. ನಡುವೆ ದೋಷ ಬಂದರೂ ಇದು ತಪ್ಪಬಾರದು.
5. ‘ಸರ್ಫೇಸ್ ಡಿಸ್ಟ್ರಾಯ್ಡ್’ ಕರೆ ಬಂದಾಗ ಥ್ರೆಡ್‌ಗೆ ನಿಲ್ಲಲು ಹೇಳಿ, ಅದು ನಿಲ್ಲುವವರೆಗೆ ಕಾಯಿರಿ. ಇಲ್ಲದ ಪಟದ ಮೇಲೆ ಬಿಡಿಸಹೋದರೆ ಆಪ್ ಬಿದ್ದುಹೋಗಬಹುದು.

ಗಮನಿಸಿ

ಚಲನೆಯನ್ನು ಚಿತ್ರಗಳ ಎಣಿಕೆಯಿಂದಲ್ಲ, ಕಳೆದ ಸಮಯದಿಂದ ಲೆಕ್ಕ ಹಾಕಿ. ಗೆರೆಗೆ 2 ಸೆಕೆಂಡ್ ಇಟ್ಟರೆ ಅರ್ಧ ಸೆಕೆಂಡಿಗೆ ಕಾಲು ಭಾಗ ಮೂಡಿರಬೇಕು. ಆಗ ಹಳೆಯ ಫೋನಿನಲ್ಲೂ ವೇಗ ಒಂದೇ. ಮಗುವಿನ ಬೆರಳಿನ ಜಾಗವನ್ನು ಎರಡೂ ಥ್ರೆಡ್‌ಗಳು ಬಳಸುವುದರಿಂದ ಅದಕ್ಕೆ ಬೀಗವಿರಲಿ. ಅಕ್ಷರ ಮುಗಿದೊಡನೆ ಬಿಡಿಸುವುದನ್ನು ನಿಲ್ಲಿಸಿ, ಬ್ಯಾಟರಿ ಉಳಿಯುತ್ತದೆ.

ಗುಂಡಿ ಜರುಗಿಸುವಂಥ ಸಣ್ಣ ಚಲನೆಗೆ ಇಷ್ಟೆಲ್ಲ ಬೇಡ. ಆಂಡ್ರಾಯ್ಡ್‌ನ ಸಿದ್ಧ ಅನಿಮೇಷನ್ ಸೌಲಭ್ಯವೇ ಸಾಕು. ಐಫೋನಿನಲ್ಲಿ ‘ಕೋರ್ ಅನಿಮೇಷನ್’ ಇಂಥ ಕೆಲಸವನ್ನು ಆಪ್‌ನ ಹೊರಗೇ ನಡೆಸುತ್ತದೆ.

ಆಪ್ ಸಿದ್ಧವಾದ ಮೇಲೆ ಮನೆಯಲ್ಲಿರುವ ಅತಿ ಹಳೆಯ ಫೋನಿನಲ್ಲಿ ಪರೀಕ್ಷಿಸಿ ನೋಡಿ. ಮಕ್ಕಳ ಕೈಗೆ ಸಿಗುವುದು ಸಾಮಾನ್ಯವಾಗಿ ಅದೇ.

– ಕಾರ್ಯದರ್ಶಿ