ಲಿಸ್ಟ್‌ನಲ್ಲಿ ಹೆಸರೇ ಇಲ್ಲದ ವೈನ್

1/5
ಹೋದ ವಾರ ಒಂದು ಶಾರ್ಟ್‌ಲಿಸ್ಟ್ ಬಂತು. ನಮ್ಮ ಬೆಂಚಿನ ಮೂವರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಆ ಬೇಜಾರಲ್ಲಿ ಕೂತು ಓದಿದ ಕತೆ ಇದು. ಮೊದಲೇ ಹೇಳಿಬಿಡ್ತೀನಿ: ನನಗೆ ಇಪ್ಪತ್ತು, ವೈನ್ ಬಾಯಿಗೆ ಇಟ್ಟವನಲ್ಲ. ಕುಡಿಯಿರಿ ಅಂತ ಹೇಳ್ತಿಲ್ಲ, ಇತಿಹಾಸ ಹೇಳ್ತಿದ್ದೀನಿ.

1855. ಪ್ಯಾರಿಸ್‌ನಲ್ಲಿ ಮೂರನೇ ನೆಪೋಲಿಯನ್ ದೊಡ್ಡ ವಸ್ತುಪ್ರದರ್ಶನ ಇಟ್ಟ. ಬೋರ್ಡೋ ಸೀಮೆಯ ವೈನ್‌ಗಳಿಗೆ ದರ್ಜೆ ಹಾಕೋ ಕೆಲಸ ಅಲ್ಲಿನ ದಲ್ಲಾಳಿಗಳಿಗೆ ಬಂತು. ಅವರ ಮುಖ್ಯ ಅಳತೆಗೋಲು ಏನು ಗೊತ್ತಾ? ಬೆಲೆ! ಯಾವ ವೈನ್ ಎಷ್ಟಕ್ಕೆ ಹೋಗಿದೆ ಅಂತ ನೋಡಿ ಕೆಂಪು ವೈನ್‌ಗಳನ್ನು ಐದು ದರ್ಜೆ ಮಾಡಿದರು. ಒಂದನ್ನು ಬಿಟ್ಟರೆ ಎಲ್ಲವೂ ಮೆಡಾಕ್ ಪ್ರದೇಶದವು. ಎರಡು ನದಿ ಆಚೆ, ಲಿಬೋರ್ನ್ ಪೇಟೆಯ ಪಕ್ಕದ ಪೊಮೆರೋಲ್ ಅನ್ನೋ ಪುಟ್ಟ ಊರಿನದು ಒಂದೂ ಇಲ್ಲ.

2/5
ಪೊಮೆರೋಲ್‌ನ ಜೀವ ಮೆರ್ಲೋ ದ್ರಾಕ್ಷಿ. ಮೆಡಾಕ್‌ನ ಹೆಮ್ಮೆಯ ಕ್ಯಾಬರ್ನೆ ಸೋವಿನ್ಯೋನ್‌ಗಿಂತ ಇದು ಬೇಗ ಹಣ್ಣಾಗುತ್ತೆ. ಜೇಡಿಮಣ್ಣು ತಂಪು, ನೀರು ಹಿಡಿದಿಟ್ಟುಕೊಳ್ಳುತ್ತೆ. ಅಲ್ಲಿ ಕ್ಯಾಬರ್ನೆ ಹಣ್ಣಾಗಲು ಕಷ್ಟ, ಮೆರ್ಲೋಗೆ ಆರಾಮ. ಆ ಊರಿನ ಪೆಟ್ರೂಸ್ ತೋಟ ಬರೀ ಹನ್ನೊಂದೂವರೆ ಹೆಕ್ಟೇರ್. ನೀಲಿ ಛಾಯೆಯ ಜೇಡಿಮಣ್ಣು, ಹೆಚ್ಚುಕಮ್ಮಿ ಪೂರ್ತಿ ಮೆರ್ಲೋ.

3/5
ರುಚಿ ಹೇಗೆ ನೋಡ್ತಾರೆ? ಲೋಟ ಓರೆ ಮಾಡಿ ಅಂಚಿನ ಬಣ್ಣ ನೋಡ್ತಾರೆ. ಎಳೆಯದಾದರೆ ನೇರಳೆ ಮಿಶ್ರಿತ ಕೆಂಪು, ವಯಸ್ಸಾದಂತೆ ಇಟ್ಟಿಗೆ ಬಣ್ಣ. ಆಮೇಲೆ ಲೋಟ ತಿರುಗಿಸಿ ಮೂಸ್ತಾರೆ, ಒಂದು ಗುಟುಕು ಬಾಯಲ್ಲೇ ಹೊರಳಿಸ್ತಾರೆ. ಜಾಸ್ತಿ ಕುದಿಸಿದ ಚಹಾ ಕುಡಿದಾಗ ನಾಲಿಗೆ ಎಳೆಯುತ್ತಲ್ಲ, ಆ ಒಗರೇ ಟ್ಯಾನಿನ್. ಮೆರ್ಲೋದಲ್ಲಿ ಸಾಮಾನ್ಯವಾಗಿ ಆ ಒಗರು ಮೆದು. ಪ್ಲಮ್, ಕಪ್ಪು ಚೆರ್ರಿ ಪರಿಮಳ ಮುಂದೆ ಬರುತ್ತೆ. ನುಂಗಿದ ಮೇಲೂ ರುಚಿ ಎಷ್ಟು ಹೊತ್ತು ಉಳಿಯುತ್ತೆ ಅನ್ನೋದು ಕೊನೆಯ ಪರೀಕ್ಷೆ.

4/5
ಈಗ ನಮ್ಮ ಬಿಕಾಂ ತಲೆಗೆ ಕೆಲಸ. ಲೂಬಾ ಅನ್ನೋ ಮಹಿಳೆ 1920ರ ದಶಕದಿಂದ ಪೆಟ್ರೂಸ್ ಷೇರುಗಳನ್ನು ಸ್ವಲ್ಪಸ್ವಲ್ಪವೇ ಕೊಂಡು, 1945ರ ಹೊತ್ತಿಗೆ ತೋಟದ ಪೂರ್ತಿ ಒಡತಿಯಾದರು. 1956ರ ಫೆಬ್ರವರಿಯಲ್ಲಿ ಭೀಕರ ಹಿಮ ಬಿತ್ತು. ಪೊಮೆರೋಲ್‌ನಲ್ಲಿ ಲೆಕ್ಕವಿಲ್ಲದಷ್ಟು ಬಳ್ಳಿ ಸತ್ತವು. ಕಿತ್ತು ಹೊಸದು ನೆಡೋದೇ ಸರಿ ಅಂತ ಬಹಳ ಜನ ಅಂದುಕೊಂಡರು. ಅಂದ್ರೆ ನಮ್ಮ ಭಾಷೆಯಲ್ಲಿ ಅಸೆಟ್ ರೈಟ್ ಆಫ್. ಲೂಬಾ ಒಪ್ಪಲಿಲ್ಲ. ಬಳ್ಳಿಯನ್ನು ಬುಡದ ಹತ್ತಿರಕ್ಕೆ ಕತ್ತರಿಸಿ, ಬದುಕಿದ್ದ ಹಳೇ ಬೇರಿನಿಂದಲೇ ಚಿಗುರಿಸಿದರು. ಮತ್ತೆ ಚಿಗುರದಿದ್ದರೆ? ಆ ವರ್ಷಗಳ ಆದಾಯವೂ ಇಲ್ಲ, ತೋಟವೂ ಇಲ್ಲ. ಆದರೆ ಹಳೇ ಬೇರು ಕೈಬಿಡಲಿಲ್ಲ. 1961ರಲ್ಲಿ ಅವರು ತೀರಿಕೊಂಡರು, ತೋಟ ಉಳಿಯಿತು.

5/5
2019ರ ನವೆಂಬರ್‌ನಲ್ಲಿ 2000ನೇ ಇಸವಿಯ ಪೆಟ್ರೂಸ್‌ನ 12 ಬಾಟಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೇ ಹೋದವು! 2021ರಲ್ಲಿ ವಾಪಸ್ ಬಂದ ಮೇಲೆ, ಭೂಮಿಯಲ್ಲೇ ಇದ್ದ ಬಾಟಲಿಯ ಜೊತೆ ಹೋಲಿಸಿ ಬೋರ್ಡೋದಲ್ಲಿ ರುಚಿ ನೋಡಿದರು. ನಮ್ಮ ಕಡೆಗೂ ಒಂದು ಎಳೆ ಇದೆ: ನಂದಿಬೆಟ್ಟದ ತಪ್ಪಲಿನ ಗ್ರೋವರ್ ವೈನ್‌ಗೆ ಸಲಹೆಗಾರರಾಗಿದ್ದ ಮಿಷೆಲ್ ರೋಲ್ಯಾಂಡ್ ಹುಟ್ಟಿದ್ದು ಲಿಬೋರ್ನ್‌ನಲ್ಲಿ, ಅವರ ಮನೆತನದ ತೋಟ ಇದ್ದದ್ದು ಪೊಮೆರೋಲ್‌ನಲ್ಲಿ.

ಪೊಮೆರೋಲ್‌ಗೆ ಇವತ್ತಿಗೂ ಅಧಿಕೃತ ದರ್ಜೆಪಟ್ಟಿ ಇಲ್ಲ. ಆದರೆ ಪೆಟ್ರೂಸ್ ಈಗ ಜಗತ್ತಿನ ಅತಿ ದುಬಾರಿ ವೈನ್‌ಗಳಲ್ಲಿ ಒಂದು. ಆ ದಲ್ಲಾಳಿಗಳು ಇವತ್ತು ಅದೇ ಬೆಲೆಯ ಅಳತೆಗೋಲು ಹಿಡಿದು ಕೂತರೆ ಇದನ್ನು ಎಲ್ಲಿಡ್ತಿದ್ದರು? ಹಾಗಂತ ಅವರು ಸುಳ್ಳು ಬರೆದರು ಅಂತಲ್ಲ. ತಮ್ಮ ಕಾಲದ, ತಮ್ಮ ಪೇಟೆಯ ದರ ಬರೆದರು, ಅಷ್ಟೇ. ಮುಂದೆ ಯಾವ ಬೇರು ಚಿಗುರುತ್ತೆ ಅನ್ನೋದು ಆ ಪುಸ್ತಕದಲ್ಲಿ ಇರೋಕೆ ಸಾಧ್ಯವೇ ಇರಲಿಲ್ಲ.

ನಮ್ಮ ಬೆಂಚಿನ ಇನ್ನಿಬ್ಬರೂ ಇದನ್ನ ಓದಿ. ಸೋಮವಾರ ಮುಂದಿನ ಕಂಪನಿಗೆ ಅರ್ಜಿ ಹಾಕೋಣ, ಬರ್ತೀರಲ್ವಾ?

#ಇತಿಹಾಸದ_ಕತೆ #ಬಿಕಾಂ_ಬೆಂಚು