ಅಮೆರಿಕದ ಅಂತರ್ಯುದ್ಧ (1861–1865)

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ 1861ರ ಏಪ್ರಿಲ್‌ನಲ್ಲಿ ಆರಂಭವಾಗಿ ನಾಲ್ಕು ವರ್ಷ ನಡೆದ ಯುದ್ಧ. ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು ಒಕ್ಕೂಟದಿಂದ ಹೊರನಡೆದ ಹನ್ನೊಂದು ದಕ್ಷಿಣ ರಾಜ್ಯಗಳು ಇದರಲ್ಲಿ ಸೋತವು. ಒಕ್ಕೂಟ ಉಳಿಯಿತು, ಸುಮಾರು 40 ಲಕ್ಷ ಗುಲಾಮರು ಕಾನೂನಿನ ಕಣ್ಣಿನಲ್ಲಿ ಸ್ವತಂತ್ರರಾದರು. ಮಡಿದ ಸೈನಿಕರ ಸಂಖ್ಯೆಯನ್ನು ಬಹುಕಾಲ 6,20,000 ಎಂದು ಹೇಳುತ್ತ ಬಂದಿದ್ದರು. ಜನಗಣತಿಯ ಲೆಕ್ಕಗಳನ್ನು ಮತ್ತೆ ಜಾಲಾಡಿದ ಈಚಿನ ಅಧ್ಯಯನಗಳು ಅದನ್ನು ಏಳು ಲಕ್ಷದ ಆಸುಪಾಸಿಗೆ ಏರಿಸಿವೆ. ಇವರಲ್ಲಿ ಹೆಚ್ಚಿನವರು ಸತ್ತದ್ದು ಗುಂಡೇಟಿನಿಂದಲ್ಲ. ಭೇದಿ, ವಿಷಮಶೀತಜ್ವರ, ನ್ಯುಮೋನಿಯಾದಂಥ ರೋಗಗಳಿಂದ.

ಈ ಯುದ್ಧದ ಕಥೆಯನ್ನು ಲಿಂಕನ್, ಗ್ರಾಂಟ್, ಲೀ ಎಂಬ ಮೂರು ಹೆಸರುಗಳ ಸುತ್ತ ಹೆಣೆಯುವುದು ವಾಡಿಕೆ. ಅಷ್ಟಕ್ಕೇ ನಿಂತರೆ ಒಂದು ಪ್ರಶ್ನೆಗೆ ಉತ್ತರ ಸಿಗುವುದಿಲ್ಲ: ಒಕ್ಕೂಟವನ್ನು ಉಳಿಸಲೆಂದು ಹೊರಟ ಯುದ್ಧ ಎರಡೇ ವರ್ಷಗಳಲ್ಲಿ ಗುಲಾಮಗಿರಿಯ ಬುಡಕ್ಕೆ ಕೊಡಲಿ ಇಟ್ಟದ್ದು ಹೇಗೆ? ಅದಕ್ಕೆ ತೋಟಗಳನ್ನು ಬಿಟ್ಟು ಓಡಿಬಂದ ಗುಲಾಮರ ಕಡೆ ನೋಡಬೇಕು.

ಕಾರಣ

ಮೂಲದಲ್ಲಿದ್ದದ್ದು ಹತ್ತಿ. 1793ರಲ್ಲಿ ಎಲೈ ವಿಟ್ನಿ ರೂಪಿಸಿದ ಯಂತ್ರ ಅರಳೆಯಿಂದ ಬೀಜ ಬಿಡಿಸುವ ಕೆಲಸವನ್ನು ಸುಲಭ ಮಾಡಿತು. ಬಿತ್ತುವ, ಕಳೆ ಕೀಳುವ, ಬಿಡಿಸುವ ಕೆಲಸ ಮಾತ್ರ ಗುಲಾಮರ ಕೈಯಲ್ಲೇ ಉಳಿದು ಹತ್ತಾರು ಪಟ್ಟು ಹೆಚ್ಚಿತು. 1860ರ ಜನಗಣತಿಯ ಪ್ರಕಾರ ದೇಶದಲ್ಲಿ 39 ಲಕ್ಷಕ್ಕೂ ಹೆಚ್ಚು ಗುಲಾಮರಿದ್ದರು. ದಕ್ಷಿಣ ಕೆರೊಲಿನಾ ಮತ್ತು ಮಿಸಿಸಿಪಿಯಲ್ಲಿ ಸ್ವತಂತ್ರರಿಗಿಂತ ಅವರ ಸಂಖ್ಯೆಯೇ ಹೆಚ್ಚು. ತೋಟದ ಧಣಿಗಳಿಗೆ ಈ ಮನುಷ್ಯರು ಆಸ್ತಿ. ಮಾರಬಹುದು, ಅಡವಿಡಬಹುದು, ಮಕ್ಕಳಿಗೆ ಹಂಚಬಹುದು.

ಜಗಳ ಬೆಳೆದದ್ದು ಪಶ್ಚಿಮದ ಹೊಸ ಪ್ರದೇಶಗಳ ವಿಷಯದಲ್ಲಿ. ಅಲ್ಲಿ ಗುಲಾಮಗಿರಿಗೆ ಅವಕಾಶ ಕೊಡಬೇಕೇ ಬೇಡವೇ ಎಂಬುದಕ್ಕೆ 1820ರ ಮಿಸೌರಿ ಒಪ್ಪಂದ ಒಂದು ಗೆರೆ ಎಳೆದಿತ್ತು. 1854ರ ಕ್ಯಾನ್ಸಸ್–ನೆಬ್ರಾಸ್ಕ ಕಾಯ್ದೆ ಆ ಗೆರೆಯನ್ನು ಅಳಿಸಿತು. 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕರಿಯರು ದೇಶದ ಪ್ರಜೆಗಳಾಗಲಾರರು ಎಂದು ತೀರ್ಪು ಕೊಟ್ಟಿತು. ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹಬ್ಬಬಾರದು ಎನ್ನುತ್ತಿದ್ದ ರಿಪಬ್ಲಿಕನ್ ಪಕ್ಷದ ಅಬ್ರಹಾಂ ಲಿಂಕನ್ 1860ರ ನವೆಂಬರ್‌ನಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು. ಇರುವ ಕಡೆ ಗುಲಾಮಗಿರಿಯನ್ನು ಮುಟ್ಟುವುದಿಲ್ಲ ಎಂದು ಅವರು ಮತ್ತೆ ಮತ್ತೆ ಹೇಳಿದರೂ ಡಿಸೆಂಬರ್ 20ರಂದು ದಕ್ಷಿಣ ಕೆರೊಲಿನಾ ಒಕ್ಕೂಟ ಬಿಟ್ಟಿತು. ಹಿಂದೆಯೇ ಇತರ ರಾಜ್ಯಗಳು ಹೊರಬಿದ್ದು, ಜೆಫರ್ಸನ್ ಡೇವಿಸ್‌ರನ್ನು ಅಧ್ಯಕ್ಷರನ್ನಾಗಿ ಮಾಡಿಕೊಂಡು 'ಕಾನ್ಫೆಡರಸಿ' ಎಂಬ ಬೇರೆ ರಾಷ್ಟ್ರ ಕಟ್ಟಿಕೊಂಡವು.

ದಕ್ಷಿಣದವರು ಹೋರಾಡಿದ್ದು ರಾಜ್ಯಗಳ ಹಕ್ಕಿಗಾಗಿ, ಗುಲಾಮಗಿರಿಗಾಗಿ ಅಲ್ಲ ಎಂಬ ವಾದ ಯುದ್ಧ ಮುಗಿದ ಮೇಲೆ ಬಲವಾಗಿ ಹಬ್ಬಿತು. ಇದು ನಿಲ್ಲುವ ವಾದವಲ್ಲ. ಒಕ್ಕೂಟ ಬಿಟ್ಟ ಕಾರಣ ತಿಳಿಸಿ ಮಿಸಿಸಿಪಿ ಹೊರಡಿಸಿದ ಪ್ರಕಟಣೆ, ತನ್ನ ಹಿತ ಗುಲಾಮಗಿರಿಯ ಜೊತೆಗೇ ಬೆಸೆದಿದೆ ಎಂದು ಆರಂಭದಲ್ಲೇ ಹೇಳುತ್ತದೆ. ಕಾನ್ಫೆಡರಸಿಯ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್‌ನಲ್ಲಿ ಸವಾನಾದಲ್ಲಿ ಭಾಷಣ ಮಾಡುತ್ತ, ಕರಿಯರು ಬಿಳಿಯರಿಗೆ ಸಮಾನರಲ್ಲ ಎಂಬುದೇ ತಮ್ಮ ಹೊಸ ಸರ್ಕಾರದ ಮೂಲೆಗಲ್ಲು ಎಂದರು.

ಕೋಟೆಯ ಬಾಗಿಲಿಗೆ ಬಂದ ಮೂವರು

1861ರ ಏಪ್ರಿಲ್ 12ರಂದು ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆಯ ಮೇಲೆ ದಕ್ಷಿಣದ ಫಿರಂಗಿಗಳು ಗುಂಡು ಹಾರಿಸಿದವು. ಲಿಂಕನ್ 75,000 ಸ್ವಯಂಸೈನಿಕರಿಗೆ ಕರೆಕೊಟ್ಟರು. ಗುಲಾಮಗಿರಿ ಇದ್ದೂ ಒಕ್ಕೂಟದಲ್ಲೇ ಉಳಿದ ಕೆಂಟಕಿ, ಮೇರಿಲ್ಯಾಂಡ್, ಮಿಸೌರಿ, ಡೆಲವೇರ್ ಕೈತಪ್ಪಬಾರದೆಂದು ಅವರು ವಿಮೋಚನೆಯ ಮಾತೆತ್ತಲಿಲ್ಲ.

ಆ ಮಾತನ್ನು ಬೇರೆಯವರು ಎತ್ತಿದರು. ಮೇ ತಿಂಗಳ ಒಂದು ರಾತ್ರಿ ವರ್ಜೀನಿಯಾದಲ್ಲಿ ಮೂವರು ಗುಲಾಮರು ದೋಣಿಗೆ ಹುಟ್ಟು ಹಾಕಿಕೊಂಡು ಒಕ್ಕೂಟದ ವಶದಲ್ಲಿದ್ದ ಮನ್ರೋ ಕೋಟೆಗೆ ಬಂದರು. ಎದುರು ದಡದಲ್ಲಿ ದಕ್ಷಿಣದ ಸೇನೆಗಾಗಿ ಫಿರಂಗಿ ಕಟ್ಟೆ ಕಟ್ಟಲು ಅವರನ್ನು ದುಡಿಸಿಕೊಳ್ಳಲಾಗುತ್ತಿತ್ತು. ಅವರನ್ನು ಹಿಂದಿರುಗಿಸಿ ಎಂದು ಕೇಳಲು ಬಿಳಿಬಾವುಟ ಹಿಡಿದ ಅಧಿಕಾರಿಯೊಬ್ಬ ಬಂದ. ಓಡಿಹೋದ ಗುಲಾಮರನ್ನು ಒಪ್ಪಿಸಬೇಕೆಂಬ ಒಕ್ಕೂಟದ ಕಾಯ್ದೆಯನ್ನೇ ಆಧಾರವಾಗಿ ತೋರಿಸಿದ. ಕೋಟೆಯ ಸೇನಾಪತಿ ಬೆಂಜಮಿನ್ ಬಟ್ಲರ್ ಮೊದಲು ವಕೀಲರಾಗಿದ್ದವರು. ವರ್ಜೀನಿಯಾ ತಾನು ಪರದೇಶ ಎನ್ನುತ್ತಿರುವಾಗ ಅಮೆರಿಕದ ಕಾಯ್ದೆ ಅದಕ್ಕೆ ಅನ್ವಯಿಸದು, ಶತ್ರುವಿನ ಯುದ್ಧಕಾರ್ಯಕ್ಕೆ ಬಳಕೆಯಾದ ಆಸ್ತಿಯನ್ನು ಜಪ್ತಿ ಮಾಡುವ ಹಕ್ಕು ತಮಗಿದೆ ಎಂದು ಅವರು ಉತ್ತರಿಸಿದರು. ಮನುಷ್ಯರನ್ನು ಆಸ್ತಿ ಎಂದವರ ಮಾತನ್ನೇ ಹಿಡಿದು ಆ ಮನುಷ್ಯರನ್ನು ಉಳಿಸಿಕೊಂಡ ಜಾಣ್ಮೆ ಇದು, ಉದಾತ್ತತೆಯೇನೂ ಅಲ್ಲ. ಆದರೆ ಸುದ್ದಿ ಹಬ್ಬಿತು. ಕೆಲವೇ ವಾರಗಳಲ್ಲಿ ನೂರಾರು ಮಂದಿ, ಹೆಂಗಸರು ಮಕ್ಕಳ ಸಮೇತ, ಕೋಟೆಗೆ ಬಂದರು. ಅದೇ ಆಗಸ್ಟ್‌ನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಜಪ್ತಿ ಕಾಯ್ದೆಯ ಮೂಲಕ ಬಟ್ಲರ್‌ರ ಕ್ರಮಕ್ಕೆ ಕಾನೂನಿನ ಬಲ ಕೊಟ್ಟಿತು.

ಮರುವರ್ಷ ಮೇ 13ರ ನಸುಕಿನಲ್ಲಿ ರಾಬರ್ಟ್ ಸ್ಮಾಲ್ಸ್ ಎಂಬ ಗುಲಾಮ ಚಾರ್ಲ್ಸ್‌ಟನ್ನಿನಿಂದ 'ಪ್ಲಾಂಟರ್' ಎಂಬ ಉಗಿಹಡಗನ್ನು ಹೊರಡಿಸಿಕೊಂಡು ಹೋದ. ಅದರ ಬಿಳಿಯ ಅಧಿಕಾರಿಗಳು ದಡದಲ್ಲಿ ಮಲಗಿದ್ದರು. ಸ್ಮಾಲ್ಸ್ ಕ್ಯಾಪ್ಟನ್‌ನ ಹುಲ್ಲಿನ ಟೋಪಿ ತಲೆಗಿಟ್ಟುಕೊಂಡು, ಹೆಂಡತಿ ಮಕ್ಕಳನ್ನೂ ಸಂಗಾತಿಗಳನ್ನೂ ಹತ್ತಿಸಿಕೊಂಡು, ಪ್ರತಿ ಕೋಟೆಯ ಮುಂದೆಯೂ ಸರಿಯಾದ ಸಂಕೇತದ ಸಿಳ್ಳೆ ಹಾಕಿಸಿ, ಸಮ್ಟರ್ ಕೋಟೆಯನ್ನೂ ದಾಟಿ ಹಡಗನ್ನು ಒಕ್ಕೂಟದ ನೌಕಾಪಡೆಗೆ ಒಪ್ಪಿಸಿದ. ಮುಂದೆ ಇವರೇ ದಕ್ಷಿಣ ಕೆರೊಲಿನಾದಿಂದ ಅಮೆರಿಕದ ಸಂಸತ್ತಿಗೆ ಆರಿಸಿಬಂದರು.

ವಿಮೋಚನೆ

ಹೀಗೆ ಓಡಿಬಂದ ಪ್ರತಿಯೊಬ್ಬರೂ ದಕ್ಷಿಣಕ್ಕೆ ಒಬ್ಬ ಆಳು ಕಡಿಮೆ, ಉತ್ತರಕ್ಕೆ ಒಬ್ಬ ಆಳು ಹೆಚ್ಚು. ಈ ಲೆಕ್ಕ ಲಿಂಕನ್‌ರಿಗೂ ಅರ್ಥವಾಯಿತು. ಗುಲಾಮರ ಬಿಡುಗಡೆಯ ಘೋಷಣೆಗೆ ಮೊದಲು ಒಂದು ಗೆಲುವು ಬೇಕು, ಇಲ್ಲದಿದ್ದರೆ ಸೋಲುವವನ ಗೋಳಾಗಿ ಕಾಣುತ್ತದೆ ಎಂದು ಮಂತ್ರಿಯೊಬ್ಬರು ಸಲಹೆ ಕೊಟ್ಟರು. 1862ರ ಸೆಪ್ಟೆಂಬರ್ 17ರಂದು ಆಂಟೀಟಮ್ ಹಳ್ಳದ ಬಳಿ ಒಂದೇ ದಿನ ಎರಡೂ ಕಡೆ ಸೇರಿ ಸುಮಾರು 23,000 ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಹಿಂದೆ ಸರಿದರು. ಐದು ದಿನಗಳ ನಂತರ ಲಿಂಕನ್ ಮೊದಲ ಪ್ರಕಟಣೆ ಹೊರಡಿಸಿದರು. 1863ರ ಜನವರಿ 1ರಂದು ವಿಮೋಚನಾ ಘೋಷಣೆ ಜಾರಿಗೆ ಬಂತು. ಅದು ದಂಗೆಯೆದ್ದ ಪ್ರದೇಶಗಳಿಗೆ ಮಾತ್ರ ಅನ್ವಯಿಸಿತು, ಒಕ್ಕೂಟದಲ್ಲಿ ಉಳಿದ ರಾಜ್ಯಗಳ ಗುಲಾಮರನ್ನು ಮುಟ್ಟಲಿಲ್ಲ. ಆದರೂ ಅಂದಿನಿಂದ ಒಕ್ಕೂಟ ಸೇನೆ ಮುಂದಿಟ್ಟ ಪ್ರತಿ ಹೆಜ್ಜೆಯೂ ಬಿಡುಗಡೆಯ ಹೆಜ್ಜೆಯಾಯಿತು.

ಘೋಷಣೆ ಕರಿಯರಿಗೆ ಸೇನೆಯ ಬಾಗಿಲನ್ನೂ ತೆರೆಯಿತು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 1,80,000 ಕರಿಯರು ಒಕ್ಕೂಟ ಸೇನೆ ಸೇರಿದ್ದರು. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್. ಇವರಿಗೆ 10, ಅದರಲ್ಲೂ ಬಟ್ಟೆಗೆಂದು 3 ಡಾಲರ್ ಮುರಿದುಕೊಳ್ಳುತ್ತಿದ್ದರು. ವ್ಯಾಗ್ನರ್ ಕೋಟೆಯ ದಾಳಿಯಲ್ಲಿ ಹೆಸರು ಮಾಡಿದ ಮೆಸಾಚುಸೆಟ್ಸ್‌ನ 54ನೇ ರೆಜಿಮೆಂಟಿನವರು ಸಮನಾದ ಸಂಬಳವಿಲ್ಲದಿದ್ದರೆ ಸಂಬಳವೇ ಬೇಡ ಎಂದು ಬಿಡಿಗಾಸೂ ಮುಟ್ಟದೆ ಕಾದರು. 1864ರ ಜೂನ್‌ನಲ್ಲಿ ಕಾಂಗ್ರೆಸ್ ಸಮಾನ ವೇತನ ಕೊಟ್ಟಿತು. ಇವರು ಸೆರೆಸಿಕ್ಕರೆ ಗತಿಯೇನು ಎಂಬುದು ಆ ಏಪ್ರಿಲ್‌ನಲ್ಲಿ ಟೆನೆಸಿಯ ಪಿಲೋ ಕೋಟೆಯಲ್ಲಿ ಗೊತ್ತಾಗಿತ್ತು. ಅಲ್ಲಿ ಶರಣಾಗಲು ಹೊರಟ ಕರಿಯ ಸೈನಿಕರನ್ನು ದಕ್ಷಿಣದವರು ಕೊಂದುಹಾಕಿದ್ದರು.

ಹತ್ತಿಯ ಲೆಕ್ಕ ತಪ್ಪಿತು

ಬ್ರಿಟನ್ನಿನ ಗಿರಣಿಗಳಿಗೆ ಬೇಕಾದ ಹತ್ತಿಯ ಮುಕ್ಕಾಲು ಪಾಲು ಅಮೆರಿಕದ ದಕ್ಷಿಣದಿಂದಲೇ ಹೋಗುತ್ತಿತ್ತು. ಹತ್ತಿ ನಿಂತರೆ ಬ್ರಿಟನ್ ತಮ್ಮ ಬೆನ್ನಿಗೆ ನಿಲ್ಲುತ್ತದೆ ಎಂದು ದಕ್ಷಿಣದ ಮುಖಂಡರು ನಂಬಿದ್ದರು. ಆರಂಭದಲ್ಲಿ ತಾವೇ ಸಾಗಣೆ ತಡೆದರು. ಜೊತೆಗೆ ಒಕ್ಕೂಟದ ನೌಕಾಪಡೆ ಕರಾವಳಿಗೆ ದಿಗ್ಬಂಧನ ಹಾಕಿತು. ಲ್ಯಾಂಕಶೈರಿನಲ್ಲಿ ಗಿರಣಿಗಳು ಮುಚ್ಚಿ ಕೂಲಿಕಾರರು ಉಪವಾಸ ಬಿದ್ದರು, ಆದರೆ ಬ್ರಿಟನ್ ಕಾನ್ಫೆಡರಸಿಗೆ ಮಾನ್ಯತೆ ಕೊಡಲಿಲ್ಲ. ವಿಮೋಚನಾ ಘೋಷಣೆಯ ನಂತರ ಗುಲಾಮಗಿರಿಯ ಪಕ್ಷ ವಹಿಸುವುದು ಅದಕ್ಕೆ ಇನ್ನೂ ಕಷ್ಟವಾಯಿತು. ಹತ್ತಿಗೆ ಅದು ಈಜಿಪ್ಟ್ ಮತ್ತು ಭಾರತದತ್ತ ತಿರುಗಿತು.

ಆಗ ಧಾರವಾಡ ಸೀಮೆಯ ಹೊಲಗಳಿಗೂ ಈ ಯುದ್ಧದ ಬಿಸಿ ತಟ್ಟಿತು. 1840ರ ದಶಕದಿಂದಲೇ ಅಲ್ಲಿ ಅಮೆರಿಕದ ಬೀಜ ಬಿತ್ತಿ ಬೆಳೆಯುತ್ತಿದ್ದ 'ಧಾರವಾಡ ಅಮೆರಿಕನ್' ಹತ್ತಿಗೆ ಈಗ ಬಂಗಾರದ ಬೆಲೆ ಬಂತು. ಅದನ್ನು ಘಟ್ಟ ಇಳಿಸಿ ಸಾಗಿಸಲು ಕಾರವಾರವನ್ನು ಬಂದರಾಗಿ ಬೆಳೆಸಬೇಕೆಂದು ಮ್ಯಾಂಚೆಸ್ಟರಿನ ವರ್ತಕರು ಒತ್ತಾಯಿಸಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ವ್ಯವಹಾರವೂ ಇತ್ತು. 1865ರಲ್ಲಿ ಯುದ್ಧ ಮುಗಿದು ಬೆಲೆ ಬಿದ್ದಾಗ, ಹತ್ತಿಯ ಹಣದಿಂದ ಉಬ್ಬಿದ್ದ ಮುಂಬಯಿಯ ಷೇರು ಕಂಪನಿಗಳೂ ಬ್ಯಾಂಕುಗಳೂ ಒಂದರ ಹಿಂದೆ ಒಂದು ಮುಳುಗಿದವು.

ಗೆಲುವು

ಉತ್ತರದ ಬಳಿ 2 ಕೋಟಿಗೂ ಹೆಚ್ಚು ಜನ, ದೇಶದ ಬಹುಪಾಲು ಕಾರ್ಖಾನೆಗಳು ಮತ್ತು ರೈಲುದಾರಿ ಇದ್ದವು. ದಕ್ಷಿಣದಲ್ಲಿದ್ದ 90 ಲಕ್ಷ ಜನರಲ್ಲಿ 35 ಲಕ್ಷ ಗುಲಾಮರು. ಆದರೂ ವರ್ಜೀನಿಯಾದಲ್ಲಿ ಲೀ ಒಬ್ಬರಾದ ಮೇಲೊಬ್ಬ ಉತ್ತರದ ಸೇನಾಪತಿಯನ್ನು ಬಗ್ಗುಬಡಿದರು. ಯುದ್ಧದ ದಿಕ್ಕು ನಿಜವಾಗಿ ಬದಲಾದದ್ದು ಪಶ್ಚಿಮದಲ್ಲಿ. 1862ರಲ್ಲಿ ನ್ಯೂ ಆರ್ಲಿಯನ್ಸ್ ಒಕ್ಕೂಟದ ವಶವಾಯಿತು. 1863ರ ಜುಲೈ 4ರಂದು ಒಕ್ಕೂಟದ ಸೇನಾಪತಿ ಯುಲಿಸಿಸ್ ಗ್ರಾಂಟ್ ವಿಕ್ಸ್‌ಬರ್ಗನ್ನು ಗೆದ್ದಾಗ, ಸುಮಾರು 30,000 ದಕ್ಷಿಣದ ಸೈನಿಕರು ಶರಣಾದರು. ಅದರಿಂದ ಮಿಸಿಸಿಪಿ ನದಿ ಪೂರ್ತಿ ಒಕ್ಕೂಟದ ಹಿಡಿತಕ್ಕೆ ಬರುವ ದಾರಿ ಸುಗಮವಾಗಿ ಕಾನ್ಫೆಡರಸಿ ಇಬ್ಭಾಗವಾಯಿತು. ಹಿಂದಿನ ದಿನವಷ್ಟೇ ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗಿನಲ್ಲಿ ಲೀ ಸೋತಿದ್ದರು. ಕೀರ್ತಿಯೆಲ್ಲ ಗೆಟಿಸ್‌ಬರ್ಗಿಗೆ ಹೋಯಿತು. ಪರಿಣಾಮದಲ್ಲಿ ವಿಕ್ಸ್‌ಬರ್ಗ್ ಅದಕ್ಕಿಂತ ದೊಡ್ಡದು.

1864ರಲ್ಲಿ ಗ್ರಾಂಟ್ ಎಲ್ಲ ಸೇನೆಗಳ ಮುಖ್ಯಸ್ಥರಾಗಿ, ಎಲ್ಲ ಕಡೆಯಿಂದಲೂ ಒಮ್ಮೆಲೇ ಒತ್ತುವ ಯೋಜನೆ ಹಾಕಿದರು. ತಾವು ಲೀಯ ಬೆನ್ನು ಬಿಡಲಿಲ್ಲ. ಸಾವುನೋವು ಎಷ್ಟು ಭೀಕರವಾಗಿತ್ತೆಂದರೆ ಆ ಬೇಸಿಗೆಯಲ್ಲಿ ಲಿಂಕನ್ ತಾವು ಚುನಾವಣೆ ಸೋಲುವುದು ಖಚಿತವೆಂದೇ ತಿಳಿದಿದ್ದರು. ಸೆಪ್ಟೆಂಬರ್ 2ರಂದು ಒಕ್ಕೂಟದ ಇನ್ನೊಬ್ಬ ಸೇನಾಪತಿ ವಿಲಿಯಂ ಶರ್ಮನ್ ಅಟ್ಲಾಂಟಾ ನಗರ ಹಿಡಿದದ್ದು ಅವರನ್ನು ಉಳಿಸಿತು. ಅಲ್ಲಿಂದ ಶರ್ಮನ್ ಸುಮಾರು 60,000 ಸೈನಿಕರೊಂದಿಗೆ ರೈಲುಹಳಿ ಕಿತ್ತು, ಕಣಜ ಬರಿದು ಮಾಡುತ್ತ ಸಮುದ್ರದವರೆಗೆ ನಡೆದರು. ಹಿಂದೆ ಸಾವಿರಾರು ಗುಲಾಮರು ತೋಟ ಬಿಟ್ಟು ಹೊರಟರು. ಕೊನೆಗೆ, 1865ರ ಮಾರ್ಚ್‌ನಲ್ಲಿ, ಕಾನ್ಫೆಡರಸಿಯೇ ಗುಲಾಮರನ್ನು ಸೈನಿಕರನ್ನಾಗಿ ಸೇರಿಸಿಕೊಳ್ಳುವ ಕಾನೂನು ಮಾಡಿತು. ಸ್ಟೀಫನ್ಸ್ ಹೇಳಿದ ಮೂಲೆಗಲ್ಲನ್ನು ಅವರ ಸರ್ಕಾರವೇ ಕಿತ್ತಂತಾಯಿತು.

ಏಪ್ರಿಲ್ 9ರಂದು ಆ್ಯಪೊಮ್ಯಾಟಕ್ಸ್ ಎಂಬ ಹಳ್ಳಿಯ ಮನೆಯೊಂದರ ಪಡಸಾಲೆಯಲ್ಲಿ ಲೀ ಗ್ರಾಂಟ್‌ಗೆ ಶರಣಾದರು. ಷರತ್ತುಗಳ ಅಂತಿಮ ಪ್ರತಿಯನ್ನು ಬರೆದವರು ಸೆನೆಕಾ ಬುಡಕಟ್ಟಿನ ಸೇನಾಧಿಕಾರಿ ಇಲೈ ಪಾರ್ಕರ್. ಸ್ವಂತ ಕುದುರೆ ಇದ್ದ ಸೈನಿಕರು ಬೇಸಾಯಕ್ಕೆಂದು ಅವನ್ನು ಮನೆಗೆ ಒಯ್ಯಲು ಗ್ರಾಂಟ್ ಒಪ್ಪಿದರು, ಹಸಿದಿದ್ದ ಸೇನೆಗೆ 25,000 ಮಂದಿಯ ಪಡಿ ಕಳಿಸಿದರು. ಐದನೆಯ ದಿನ ರಾತ್ರಿ ವಾಷಿಂಗ್ಟನ್ನಿನ ನಾಟಕ ಮಂದಿರದಲ್ಲಿ ಲಿಂಕನ್‌ರಿಗೆ ಗುಂಡು ಬಿತ್ತು.

ಅನಂತರ

ಗುಲಾಮಗಿರಿಯನ್ನು ಇಡೀ ದೇಶದಲ್ಲಿ ಕೊನೆಗೊಳಿಸಿದ್ದು 1865ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಸಂವಿಧಾನದ 13ನೇ ತಿದ್ದುಪಡಿ. 14ನೆಯದು (1868) ಪೌರತ್ವವನ್ನೂ 15ನೆಯದು (1870) ಕರಿಯ ಗಂಡಸರಿಗೆ ಮತದ ಹಕ್ಕನ್ನೂ ಕೊಟ್ಟವು. ಭಾರತದಲ್ಲಿ ಜೋತಿರಾವ್ ಫುಲೆ 1873ರಲ್ಲಿ ತಮ್ಮ 'ಗುಲಾಮಗಿರಿ' ಪುಸ್ತಕವನ್ನು, ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದರು.

ಭೂಮಿಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಬಿಡುಗಡೆಯಾದ ಕುಟುಂಬಗಳಿಗೆ ತಲಾ 40 ಎಕರೆವರೆಗೆ ಕೊಡಲು 1865ರ ಜನವರಿಯಲ್ಲಿ ಶರ್ಮನ್ ಕರಾವಳಿಯ ಒಂದು ಪಟ್ಟಿಯನ್ನು ಮೀಸಲಿಟ್ಟಿದ್ದರು; ಲಿಂಕನ್‌ರ ನಂತರ ಬಂದ ಆಂಡ್ರ್ಯೂ ಜಾನ್ಸನ್ ಅದರ ಬಹುಭಾಗವನ್ನು ಹಳೆಯ ಧಣಿಗಳಿಗೇ ಹಿಂದಿರುಗಿಸಿದರು. ಸ್ವತಂತ್ರರಾದವರು ಅದೇ ಹೊಲಗಳಲ್ಲಿ ಪಾಲಿಗೆ ದುಡಿಯುತ್ತ ಸಾಲದಲ್ಲಿ ಸಿಕ್ಕಿಬಿದ್ದರು. 1877ರ ರಾಜಕೀಯ ಒಪ್ಪಂದದ ನಂತರ ದಕ್ಷಿಣದಲ್ಲಿದ್ದ ಒಕ್ಕೂಟ ಸೇನೆಯ ಕಾವಲೂ ತಪ್ಪಿತು. ಮುಂದಿನ ದಶಕಗಳಲ್ಲಿ ತಲೆಗಂದಾಯ, ಅಕ್ಷರ ಪರೀಕ್ಷೆ, ಹೊಡೆತ ಬಡಿತಗಳ ಮೂಲಕ ದಕ್ಷಿಣದ ರಾಜ್ಯಗಳು ಕರಿಯರನ್ನು ಮತಗಟ್ಟೆಯಿಂದ ದೂರವಿಟ್ಟವು. ಇದಕ್ಕೆ ಬಲವಾದ ತಡೆ ಬಿದ್ದದ್ದು 1965ರ ಮತದಾನದ ಹಕ್ಕು ಕಾಯ್ದೆಯಿಂದ.